ಧ್ಯಾನ ಬಿಟ್ಟವರ ಪಟ್ಟಿ

ಮಾರ್ಚ್ 3, ಸೋಮವಾರ

ಇವತ್ತಿನಿಂದ ಸಿಬ್ಬಂದಿಯೆಲ್ಲ ಬೆಳಿಗ್ಗೆ ಒಂಬತ್ತಕ್ಕೆ ಇಪ್ಪತ್ತು ನಿಮಿಷ ಧ್ಯಾನಕ್ಕೆ ಕೂರಬೇಕಂತೆ. ಕಡ್ಡಾಯವಲ್ಲ, ಆದರೆ ಹಾಜರಿ ತೆಗೆದುಕೊಳ್ಳುತ್ತಾರೆ. ಧ್ಯಾನದ ಬಗ್ಗೆ ಸಂಶೋಧನೆ ಮಾಡುವವರೇ ಧ್ಯಾನ ಮಾಡದಿದ್ದರೆ ಹೇಗೆ ಎಂದು ನಿರ್ದೇಶಕರು ಕೇಳಿದರು. ಪಕ್ಕದ ಕಟ್ಟಡದಲ್ಲಿ ಮೂಲವ್ಯಾಧಿಯ ಬಗ್ಗೆ ಸಂಶೋಧನೆ ಮಾಡುತ್ತಾರೆ, ಅವರೇನು ಮಾಡಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಮಂಡಿನೋವಿನ ನೆಪ ಹೇಳಿ ಉಗ್ರಾಣದಲ್ಲಿ ಕುರ್ಚಿಯ ಮೇಲೆ ಕೂರಲು ಅನುಮತಿ ಗಿಟ್ಟಿಸಿಕೊಂಡಿದ್ದೇನೆ. ಇಲ್ಲಿ ಮಿದುಳಿನ ಅಲೆ ಅಳೆಯುವ ತಂತಿಟೋಪಿಗಳು, ಅಂಟು ಬಾಟಲಿಗಳು, ಕಾಲು ಮುರಿದ ಒಂದು ಮೇಜು, ಮತ್ತೆ ಹೋದ ವರ್ಷದ ದಪ್ಪ ರಿಜಿಸ್ಟರೊಂದು ಇವೆ. ಅದರಲ್ಲೇ ಬರೆಯುತ್ತಿದ್ದೇನೆ. ಅವರೆಲ್ಲ ಉಸಿರು ಎಣಿಸಿಕೊಳ್ಳಲಿ, ನನಗೆ ಎಣಿಸಲು ಬೇರೆ ಬೇಕಾದಷ್ಟಿದೆ. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ನಿರ್ದೇಶಕರನ್ನು ಇಲ್ಲಿ ಮಂದಸ್ಮಿತ ಎಂದೇ ಕರೆಯುತ್ತೇನೆ. ಪ್ರಿಂಟರ್ ಕೆಟ್ಟರೂ ಆ ನಗು, ಎದುರಿಗೆ ಯಾರಾದರೂ ಅತ್ತರೂ ಅದೇ ನಗು. ನೋಡಿದರೆ ಮೈ ಉರಿಯುತ್ತದೆ.

ನನ್ನ ಕೆಲಸ ಫೋನು. ನಿದ್ದೆ ಬಾರದ ಇನ್ನೂರ ನಲವತ್ತು ಜನರನ್ನು ಸೇರಿಸಿಕೊಂಡು, ಚೀಟಿ ಎತ್ತಿ ಅರ್ಧ ಜನರಿಗೆ ಎಂಟು ವಾರ ಧ್ಯಾನ ಕಲಿಸುತ್ತಾರೆ. ಐದನೇ ವಾರದಲ್ಲಿ ಮೂರು ದಿನ ಪೂರ್ತಿ ಮೌನ. ಉಳಿದರ್ಧ ಜನರಿಗೆ ಒಳ್ಳೆಯ ನಿದ್ದೆಯ ಅಭ್ಯಾಸಗಳ ಬಗ್ಗೆ ಪಾಠ. ಕೊನೆಗೆ ಯಾರಿಗೆ ನಿದ್ದೆ ಬಂತು ಎಂದು ಹೋಲಿಸುತ್ತಾರೆ. ಮಧ್ಯದಲ್ಲಿ ಬಿಟ್ಟುಹೋದವರಿಗೆ ನಾನು ಫೋನ್ ಮಾಡಿ, ಯಾಕೆ ಬಿಟ್ಟಿರಿ ಎಂದು ಕೇಳಿ, ನಮೂನೆ ಏಳನ್ನು ತುಂಬಬೇಕು. ಅದರಲ್ಲಿ ನಾಲ್ಕು ಚೌಕ: ಊರು ಬಿಟ್ಟಿದ್ದಾರೆ, ಸಮಯದ ಅಭಾವ, ಆಸಕ್ತಿ ಇಲ್ಲ, ಸಂಪರ್ಕಕ್ಕೆ ಸಿಗಲಿಲ್ಲ. ಒಂದಕ್ಕೆ ಗುರುತು ಹಾಕದ ಹೊರತು ಕಂಪ್ಯೂಟರ್ ಮುಂದಕ್ಕೆ ಬಿಡುವುದಿಲ್ಲ.

ಜನರ ಪುರಾಣ ಕೇಳುತ್ತಾ ಕೂತರೆ ಸಂಜೆಯಾಗುತ್ತದೆ. ಅದಕ್ಕೆ ನನ್ನದೇ ಒಂದು ಉಪಾಯವಿದೆ. ಅವರು ತಡವರಿಸಿದ ಕೂಡಲೇ ನಾನೇ ಕೇಳಿಬಿಡುತ್ತೇನೆ: "ಸಮಯ ಆಗ್ತಿಲ್ಲ, ಅಲ್ವಾ?" ಹತ್ತರಲ್ಲಿ ಎಂಟು ಜನ "ಹೂಂ" ಅನ್ನುತ್ತಾರೆ. ಎರಡನೇ ಚೌಕ. ನೂರಕ್ಕೆ ತೊಂಬತ್ತಾರು ನಮೂನೆ ಭರ್ತಿಯಾಗಿದೆ ಎಂದು ಮಂದಸ್ಮಿತ ಹೋದ ತಿಂಗಳು ಎಲ್ಲರೆದುರು ನನ್ನನ್ನು ಹೊಗಳಿದ್ದರು. ಆ ಒಂದು ದಿನ ಆ ನಗು ಅಷ್ಟೊಂದು ಕೆಟ್ಟದಾಗಿ ಕಂಡಿರಲಿಲ್ಲ.

ಮಾರ್ಚ್ 5, ಬುಧವಾರ

ಇವತ್ತು ಒಂಬತ್ತು ಕರೆ. ಬಿಟ್ಟು ಓಡುವವರ ಬಗ್ಗೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಬನ್ನಿ ಎಂದು ಯಾರೂ ಇವರ ಕಾಲು ಹಿಡಿದಿರಲಿಲ್ಲ. ಸಹಿ ಹಾಕುವಾಗ ಎಲ್ಲರಿಗೂ ಉತ್ಸಾಹ, ಮೂರು ದಿನದ ಮೌನ ಮುಗಿದದ್ದೇ ಒಬ್ಬೊಬ್ಬರೇ ನಾಪತ್ತೆ. ಸುಮ್ಮನೆ ಕಣ್ಣು ಮುಚ್ಚಿ ಕೂರುವುದೂ ಒಂದು ಕಷ್ಟವೇ? ನನಗೆ ಯಾರಾದರೂ ಮೂರು ದಿನ ಮಾತಾಡಬೇಡ, ಅಡಿಗೆ ಮಾಡಬೇಡ ಅಂದರೆ ಅಲ್ಲೇ ಮನೆ ಮಾಡಿಕೊಂಡುಬಿಡುತ್ತೇನೆ.

ಹೆಸರು ಹೇಳುವಂತಿಲ್ಲ, ಎಲ್ಲರೂ ನಂಬರುಗಳೇ. 41ನೇ ನಂಬರಿನ ಮಹಾನುಭಾವ "ಹಲೋ" ಅನ್ನುವುದಕ್ಕೇ ಅರ್ಧ ನಿಮಿಷ ತೆಗೆದುಕೊಂಡರು. ಆಮೇಲೆ ಅದು ಇದು ಎಂದು ರಾಗ ಎಳೆಯತೊಡಗಿದರು. ಉಪಾಯ ಉಪಯೋಗಿಸಿದೆ. ಎರಡು ನಿಮಿಷ ಹತ್ತು ಸೆಕೆಂಡಿನಲ್ಲಿ ಕೆಲಸ ಮುಗಿಯಿತು.

ಸಂಜೆ ಮನೆಯಲ್ಲಿ ಅತ್ತೆ ಹುರುಳಿಕಾಯಿ ಹೆಚ್ಚುತ್ತಾ ಮತ್ತೆ ಟೆಲಿಫೋನ್ ಎಕ್ಸ್‌ಚೇಂಜಿನ ಕಥೆ ಶುರುಮಾಡಿದರು. ಮೂವತ್ತೊಂದು ವರ್ಷ ಅಲ್ಲಿ ಆಪರೇಟರ್ ಆಗಿದ್ದವರು. ಪ್ರತಿ ಶನಿವಾರ ದೂರದೂರಿನ ಒಬ್ಬಾಕೆಗೆ ಕರೆ ಕಾದಿರಿಸುತ್ತಿದ್ದ ಮನುಷ್ಯನ ಕಥೆ, ನನಗೆ ಬಾಯಿಪಾಠ. "ಕೊನೆಗೆ ಆಕೆ ಫೋನ್ ಎತ್ತಲೇ ಇಲ್ಲ, ಅಷ್ಟೇ ತಾನೇ ಅತ್ತೆ?" ಅಂದೆ. ಅತ್ತೆ ನನ್ನ ಮುಖ ನೋಡಿ ಹುರುಳಿಕಾಯಿಗೆ ಮರಳಿದರು. ಇವರು ಆ ಕಡೆ ಪತ್ರಿಕೆ ಓದುತ್ತಾ "ಬಿಡೇ, ಹೇಳಲಿ" ಅಂದರು. ಇವರಿಗೇನು, ಪತ್ರಿಕೆಯ ಹಿಂದೆ ಕೂತವರಿಗೆ ಎಲ್ಲವೂ ಸುಲಭ.

ಮಾರ್ಚ್ 6, ಗುರುವಾರ

ಉಗ್ರಾಣದ ದೀಪ ಕೆಟ್ಟಿದೆ. ಹೇಳಿದರೆ ಮಂದಸ್ಮಿತ, ಕತ್ತಲೆಯನ್ನೂ ಸುಮ್ಮನೆ ಗಮನಿಸಿ, ಅಂದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆಯಿಂದ ಪಿತ್ತ ನೆತ್ತಿಗೇರಿದೆ. ನಾನು ಜನರಿಗೆ ಫೋನ್ ಮಾಡುವವಳೇ ಹೊರತು ಜನ ನನಗೆ ಫೋನ್ ಮಾಡುವ ಪದ್ಧತಿಯಿಲ್ಲ. ಇವತ್ತು ಒಬ್ಬಾಕೆ ಸ್ವಿಚ್‌ಬೋರ್ಡಿನವರ ತಲೆ ತಿಂದು ನನ್ನವರೆಗೂ ತಲುಪಿದ್ದಾಳೆ.

"ಹೋದ ಬುಧವಾರ ನಮ್ಮನೆಯವರಿಗೆ ಫೋನ್ ಮಾಡಿದ್ದು ನೀವೇನಾ?"

ಆವತ್ತು ಒಂಬತ್ತು ಜನರಿಗೆ ಮಾಡಿದ್ದೆ, ನಂಬರು ಹೇಳಿ ಅಂದೆ. ನಲವತ್ತೊಂದು ಅಂದಳು.

"ಏನ್ ಹೇಳಿದ್ರು ಅವರು?"

ಹೇಳುವಂತಿಲ್ಲ, ಗೋಪ್ಯ ಅಂದೆ. ಅವಳು ಪಟ್ಟು ಬಿಡಲಿಲ್ಲ. ಕೊನೆಗೆ, ಬೇರೆ ಏನೂ ಇಲ್ಲಮ್ಮ, ಸಮಯ ಇಲ್ಲ ಅಂದರು ಅಷ್ಟೇ, ಅಂದುಬಿಟ್ಟೆ.

ಆ ಕಡೆ ಆಕೆ ನಕ್ಕಳು. ನಗು ಅಂತ ಕರೆಯಬಹುದೋ ಇಲ್ಲವೋ. "ಸಮಯ ಇಲ್ವಂತಾ? ಅವರು ಟೈಲರು. ಐದು ವಾರದಿಂದ ಅಂಗಡಿ ಬಾಗ್ಲು ತೆಗೆದಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೂ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿರ್ತಾರೆ. ಸಮಯಕ್ಕೇನು ಬರ. ನೀವು ಅವರಿಗೆ ಏನ್ ಕಲಿಸಿದ್ರಿ ಅಂತ ಕೇಳೋಕೆ ಫೋನ್ ಮಾಡಿದೆ."

ಕರೆ ಮಾಡುವವರು ಸಲಹೆ ನೀಡತಕ್ಕದ್ದಲ್ಲ ಎಂದು ನಮ್ಮ ಸೂಚನಾ ಹಾಳೆಯಲ್ಲಿ ಕೆಂಪಕ್ಷರದಲ್ಲಿದೆ. ಅದನ್ನೇ ಓದಿ ಹೇಳಿ ಇಟ್ಟುಬಿಟ್ಟೆ. ನನ್ನ ಮೇಲೆ ಯಾಕೆ ಕೂಗಾಡಬೇಕು ಇವಳು? ನಾನೇನು ಧ್ಯಾನ ಕಲಿಸಿದವಳೇ?

ಮಾರ್ಚ್ 12, ಬುಧವಾರ

ಆದರೂ ಮಂದಸ್ಮಿತನಿಗೆ ಹೇಳಿದೆ. ಹೇಳದಿದ್ದರೆ ನಾಳೆ ತಲೆ ನನ್ನದೇ ತಾನೇ ಹೋಗುವುದು.

ಕಣ್ಣು ಅರ್ಧ ಮುಚ್ಚಿ ಪೂರ್ತಿ ಕೇಳಿಸಿಕೊಂಡರು. "ಗೋಡೆ ಕಡೆ ಮುಖ ಮಾಡಿ ಕೂರ್ತಾರೆ ಅಂದ್ರೆ ಅಭ್ಯಾಸ ಮುಂದುವರಿಸಿದ್ದಾರೆ ಅಂತಾಯ್ತು. ಒಳ್ಳೇದೇ ಅಲ್ವಾ?"

"ಅಂಗಡಿ ಮುಚ್ಚಿದ್ದಾರೆ ಸಾರ್."

"ಶುರುನಲ್ಲಿ ಕೆಲವರಿಗೆ ಸ್ವಲ್ಪ ಅಲುಗಾಡಿಸುತ್ತೆ. ಪ್ರಗತಿಯ ಲಕ್ಷಣ ಅದು."

ಹಾಗಾದರೆ ಅದನ್ನು ನಮೂನೆಯಲ್ಲಿ ಎಲ್ಲಿ ಬರೆಯಲಿ ಎಂದು ಕೇಳಿದೆ. ಚೌಕ ಇಲ್ಲವಲ್ಲ ಅಂದರು. ಮಧ್ಯದಲ್ಲಿ ನಮೂನೆ ಬದಲಾಯಿಸಿದರೆ ಮೊದಲು ಕೇಳಿದವರಿಗೂ ಆಮೇಲೆ ಕೇಳಿದವರಿಗೂ ತಾಳೆಯಾಗುವುದಿಲ್ಲ, ಎರಡು ವರ್ಷದ ಕೆಲಸ ನೀರುಪಾಲಾಗುತ್ತದೆ ಅಂದರು. ಆ ಮಾತು ಸುಳ್ಳಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಬಾಗಿಲವರೆಗೂ ಬಂದು ಬೀಳ್ಕೊಟ್ಟರು, ನಗುತ್ತಲೇ.

ಮಾರ್ಚ್ 14, ಶುಕ್ರವಾರ

ಕರೆಗಳೆಲ್ಲ ಧ್ವನಿಮುದ್ರಣವಾಗುತ್ತವೆ. ಯಾರೂ ಕೇಳುವುದಿಲ್ಲ, ಆದರೆ ಆಗುತ್ತವೆ. ಆ ಹೆಂಗಸು ನನ್ನ ಮೇಲೆ ದೂರು ಕೊಟ್ಟರೆ ಕೈಯಲ್ಲಿ ಸಾಕ್ಷಿ ಇರಲಿ ಎಂದು ಇವತ್ತು ಲೆಕ್ಕದ ಮೇಡಂ ಹತ್ತಿರ ಕೀಲಿಪದ ಕೇಳಿ ತೆಗೆಸಿದೆ. ಅಂಕಿಅಂಶ ನೋಡಿಕೊಳ್ಳುವ ಸಹೋದ್ಯೋಗಿ ಅವಳು, ಹೆಚ್ಚು ಮಾತಿಲ್ಲ, ಕೆಲಸ ಅಚ್ಚುಕಟ್ಟು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಇದ್ದದ್ದನ್ನು ಇದ್ದ ಹಾಗೆ ಇಲ್ಲಿ ಇಳಿಸುತ್ತೇನೆ.

ನಾನು: ಯಾಕೆ ಬಿಟ್ರಿ ಅಂತ ತಿಳ್ಕೋಬೋದಾ?

ಅವರು: ಅದು... ಏನಂದ್ರೆ... ಮೌನದ ಮೂರನೇ ದಿನದಿಂದ ಈ ಕೈ...

ನಾನು: ಸಮಯ ಆಗ್ತಿಲ್ಲ, ಅಲ್ವಾ?

ಆಮೇಲೆ ಏಳು ಸೆಕೆಂಡು ಮಾತಿಲ್ಲ. ಆ ಏಳು ಸೆಕೆಂಡಿನಲ್ಲಿ ಕೀಲಿಮಣೆಯ ಟಕ್ ಎಂಬ ಸದ್ದು ಕೇಳುತ್ತದೆ. ಅವರು ಉತ್ತರ ಕೊಡುವ ಮೊದಲೇ ನಾನು ಗುರುತು ಹಾಕಿ ಆಗಿದೆ.

ಅವರು: ಹೂಂ. ಹಾಗೇ ಬರ್ಕೊಳ್ಳಿ.

ನಾನು: ಥ್ಯಾಂಕ್ಯೂ ಸಾರ್, ನಿಮ್ಮ ದಿನ ಚೆನ್ನಾಗಿರಲಿ.

ನಾಲ್ಕು ಸಲ ಕೇಳಿದೆ. ಅವರ ಹೆಂಡತಿಯ ಮೇಲೆ ಸಿಟ್ಟಾಗಲು ಏನಾದರೂ ಸಿಗುತ್ತದೇನೋ ಎಂದು ಹುಡುಕುತ್ತಿದ್ದೆ, ಸಿಗಲಿಲ್ಲ. ಆ ಮನುಷ್ಯ "ಈ ಕೈ" ಅಂದಿದ್ದರು. ಕೈಗೆ ಏನಾಗಿದೆ? ಲೆಕ್ಕದ ಮೇಡಂಗೂ ಕೇಳಿಸಿದೆ; ಅವಳು ಎದ್ದುಹೋಗಿ ಸಂಶೋಧನಾ ಪತ್ರಿಕೆಯೊಂದನ್ನು ತಂದು ಮುಂದಿಟ್ಟಳು. ಅತಿಯಾಗಿ ಧ್ಯಾನಕ್ಕೆ ಕೂತ ಕೆಲವರಿಗೆ ತಮ್ಮ ಮೈ ತಮ್ಮದಲ್ಲ ಅನ್ನಿಸುವುದು, ಭಯ, ನಿದ್ದೆಗೇಡು, ಅಳು, ಎಲ್ಲವನ್ನೂ ಕೇಳಿ ಬರೆದವರಿದ್ದಾರೆ. ಅಂಥವರಿಗೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಲು ಹೇಳಬೇಕು ಎಂದೂ ಇದೆ. ಎಲ್ಲಿ ಸಿಕ್ಕಿತು ಅಂದೆ. ಮಂದಸ್ಮಿತನ ಕಪಾಟಿನಲ್ಲಿ ಅಂದಳು. ಪಕ್ಕದಲ್ಲಿ ಪೆನ್ಸಿಲ್ ಗೆರೆಯೂ ಎಳೆದಿತ್ತು.

ಗೊತ್ತಿತ್ತು ಆ ಮನುಷ್ಯನಿಗೆ.

ಮಾರ್ಚ್ 17, ಸೋಮವಾರ

ಶನಿವಾರ ಭಾನುವಾರ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಇವತ್ತು ಹತ್ತು ಗಂಟೆಗೆ 41ಕ್ಕೆ ಫೋನ್ ಮಾಡಿದೆ. ಯಾಕೆ ಬಿಟ್ರಿ ಎಂದು ಕೇಳಿ, ತುಟಿ ಕಚ್ಚಿಕೊಂಡು ಕೂತೆ. ಬಹಳ ಹೊತ್ತು ಏನೂ ಬರಲಿಲ್ಲ. ಫೋನ್ ಕೆಟ್ಟಿದೆಯೇನೋ ಅಂದುಕೊಂಡೆ. ಆಮೇಲೆ ನಿಧಾನವಾಗಿ ಬಂತು.

ಮೂವತ್ತು ವರ್ಷದಿಂದ ಕೋಟಿನ ಬಟ್ಟೆ ಕತ್ತರಿಸುವವರು. ಮೌನದ ಮೂರನೇ ದಿನ ತೊಡೆಯ ಮೇಲಿದ್ದ ಕೈ ನೋಡಿದರೆ ಯಾರದೆಂದು ಗೊತ್ತಾಗಲಿಲ್ಲವಂತೆ. ಹೋಗುತ್ತದೆ ಬಿಡು ಅಂದುಕೊಂಡರಂತೆ. ಸೋಮವಾರ ಅಂಗಡಿಯಲ್ಲಿ ಕತ್ತರಿ ಎತ್ತಿಕೊಂಡರೆ ಅದು ಹೋಗಿರಲಿಲ್ಲ.

"ಕೈ ಅದರ ಪಾಡಿಗೆ ಕತ್ತರಿಸ್ತಾ ಇತ್ತು ಮೇಡಂ. ನಾನು ಪಕ್ಕದಲ್ಲಿ ನಿಂತು ನೋಡ್ತಾ ಇದ್ದೆ. ನಿಲ್ಲು ಅಂದ್ರೆ ನಿಲ್ಲುತ್ತೋ ಇಲ್ವೋ ಅಂತ ಭಯ ಆಯ್ತು. ಕತ್ತರಿ ಕೆಳಗಿಟ್ಟು ಬಾಗ್ಲು ಹಾಕ್ಕೊಂಡು ಬಂದೆ."

ಧ್ಯಾನದ ಶಿಕ್ಷಕರಿಗೆ ಹೇಳಿದ್ದಾರೆ. 'ನಾನು' ಅನ್ನೋದು ಕರಗ್ತಾ ಇದೆ, ಬಹಳ ಒಳ್ಳೆ ಲಕ್ಷಣ, ಹೆದರದೆ ಇನ್ನೂ ಜಾಸ್ತಿ ಕೂತ್ಕೊಳ್ಳಿ ಅಂದರಂತೆ ಆ ಮಹಾಶಯ. ಇವರು ನಂಬಿ ದಿನಕ್ಕೆ ಮೂರು ಗಂಟೆ, ಆಮೇಲೆ ಐದು ಗಂಟೆ ಕೂತಿದ್ದಾರೆ. ಕೂತಷ್ಟೂ ಹೆಚ್ಚಾಗಿದೆ.

"ಹಾಗಾದ್ರೆ ತರಗತಿ ಯಾಕೆ ಬಿಟ್ರಿ?" ಅಂದೆ.

"ಉಳಿದವರಿಗೆಲ್ಲ ಚೆನ್ನಾಗಾಗ್ತಿತ್ತು. ನನಗೆ ಸರಿಯಾಗಿ ಮಾಡೋಕೆ ಬರ್ತಿಲ್ಲ ಅಂತಾಯ್ತಲ್ಲ. ನನ್ನಿಂದ ನಿಮ್ಮ ಸಂಶೋಧನೆ ಕೆಡೋದು ಬೇಡ ಅಂತ ಬಿಟ್ಟೆ."

ನಮ್ಮ ಸಂಶೋಧನೆ ಕೆಡಬಾರದು ಎಂದು. ಇದನ್ನು ಬರೆಯುವಾಗಲೂ ಪೆನ್ನು ಹಾಳೆಗೆ ತೂರಿಕೊಳ್ಳುತ್ತಿದೆ.

ಕೆಂಪಕ್ಷರದ ಹಾಳೆಯನ್ನು ಮಗುಚಿ ಹಾಕಿದೆ. ಇವತ್ತಿನಿಂದಲೇ ಕೂರುವುದು ನಿಲ್ಲಿಸಿ, ಒಂದು ನಿಮಿಷವೂ ಬೇಡ, ಮನಸ್ಸಿನ ವೈದ್ಯರ ಹತ್ತಿರ ಹೋಗಿ, ಧ್ಯಾನದಿಂದ ಶುರುವಾಯಿತು ಎಂದು ಬಾಯಿಬಿಟ್ಟು ಹೇಳಿ ಅಂದೆ. ಬೇರೆಯವರಿಗೂ ಹೀಗಾಗಿದೆ, ಬರೆದಿಟ್ಟಿದ್ದಾರೆ, ನಿಮಗೆ ಮಾಡಲು ಬಾರದೆ ಆದದ್ದಲ್ಲ ಅಂದೆ. ಅವರು "ಬೇರೆಯವರಿಗೂನಾ?" ಎಂದು ಎರಡು ಸಲ ಕೇಳಿದರು. ಮೂವತ್ತನಾಲ್ಕು ನಿಮಿಷದ ಕರೆ. ಮಿಕ್ಕ ಕರೆಗಳು ಹಾಗೇ ಉಳಿದವು.

ಮಾರ್ಚ್ 18, ಮಂಗಳವಾರ

ಧ್ಯಾನ ಕಲಿಸುವ ಶಿಕ್ಷಕರು ಹಜಾರದಲ್ಲಿ ಎದುರಾದರು. ನಮಸ್ಕಾರ ಅಂದರು. ನಾನು ನಮಸ್ಕಾರ ಅನ್ನಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ.

ಮಾರ್ಚ್ 20, ಗುರುವಾರ

ಧ್ಯಾನದ ಗುಂಪಿನಲ್ಲಿ ನಾನು ಎರಡನೇ ಚೌಕಕ್ಕೆ ತಳ್ಳಿದವರು ಒಟ್ಟು ಹದಿನಾಲ್ಕು ಜನ. ಎರಡು ದಿನದಿಂದ ಬೇರೆ ಕೆಲಸ ಬದಿಗೊತ್ತಿ ಉಳಿದ ಹದಿಮೂರು ಜನರಿಗೆ ಮತ್ತೆ ಫೋನ್ ಮಾಡಿದೆ. ಇಬ್ಬರು ಎತ್ತಲಿಲ್ಲ. ಆರು ಜನಕ್ಕೆ ನಿಜವಾಗಿಯೂ ಪುರುಸೊತ್ತಿರಲಿಲ್ಲ, ಅವರಲ್ಲೊಬ್ಬ ನನ್ನನ್ನೇ ಬೈದು ಇಟ್ಟ. ಸಂತೋಷವಾಯಿತು.

ಉಳಿದವರು ಐದು ಜನ. 17ಕ್ಕೆ ಕಣ್ಣು ಮುಚ್ಚಿದರೆ ಎದೆ ಹೊಡೆದುಕೊಳ್ಳುತ್ತದೆ, ಸ್ನಾನದಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಲೂ ಆಗುವುದಿಲ್ಲವಂತೆ. 63, ಶಾಲೆಯ ಗ್ರಂಥಪಾಲಕಿ, ಹನ್ನೊಂದು ದಿನ ಬಿಡದೆ ಅತ್ತಿದ್ದಾರೆ, ಕಾರಣ ಅವರಿಗೂ ಗೊತ್ತಿಲ್ಲ. 88ಕ್ಕೆ ಮೊದಲು ನಾಲ್ಕು ಗಂಟೆ ಬರುತ್ತಿದ್ದ ನಿದ್ದೆ ಈಗ ಎರಡು ಗಂಟೆಗೆ ಇಳಿದಿದೆ. ಇನ್ನಿಬ್ಬರದು ಇಲ್ಲಿ ಬರೆಯುವುದಿಲ್ಲ, ಅವರು ಬೇಡ ಅಂದಿದ್ದಾರೆ. ಎಲ್ಲರಿಗೂ 41ಕ್ಕೆ ಹೇಳಿದ್ದನ್ನೇ ಹೇಳಿದೆ. ಎಲ್ಲರೂ ಒಂದೇ ಮಾತು ಅಂದರು: ನೀವು ಆವತ್ತು ಅವಸರದಲ್ಲಿದ್ರಿ.

ಟೈಲರನ್ನೂ ಸೇರಿಸಿದರೆ ಆರು.

ಮಾರ್ಚ್ 21, ಶುಕ್ರವಾರ

ಆರು ಜನರ ವಿಷಯ ಮಂದಸ್ಮಿತನ ಮೇಜಿನ ಮೇಲಿಟ್ಟೆ. ಪತ್ರಿಕೆಯನ್ನೂ ಇಟ್ಟೆ, ಅವರ ಪೆನ್ಸಿಲ್ ಗೆರೆ ಕಾಣುವಂತೆ ತೆರೆದು.

ಸೂಚನಾ ಹಾಳೆ ಬಿಟ್ಟು ಮಾಡಿದ ಕರೆಗಳು ಲೆಕ್ಕಕ್ಕೆ ಬರುವುದಿಲ್ಲ ಅಂದರು. ನಾನು ಹೋಗಿ ತೊಂದರೆ ಆಯ್ತಾ ಎಂದು ಕೆದಕಿದರೆ ಜನ ಆಯ್ತು ಅಂದೇ ಅನ್ನುತ್ತಾರೆ, ಉತ್ತರ ಬಾಯಿಗೆ ತುರುಕಿದ ಹಾಗಾಗುತ್ತದೆ ಅಂದರು. ತುರುಕುವ ವಿದ್ಯೆ ನನಗೆ ಗೊತ್ತು ಸಾರ್, ಆ ಹದಿನಾಲ್ಕು ಗುರುತು ಬಿದ್ದದ್ದೇ ಹಾಗೆ ಅಂದೆ. ಮೊದಲ ಸಲ ಆ ನಗು ಒಂದು ಕ್ಷಣ ಕದಲಿತು.

"ನೋಡಿ, ಹತ್ತಿರ ಹತ್ತಿರ ನೂರು ಜನಕ್ಕೆ ಇದರಿಂದ ಒಳ್ಳೇದಾಗಿದೆ. ಆರು ಜನಕ್ಕೋಸ್ಕರ ಅವರಿಗೆಲ್ಲ ಬಾಗ್ಲು ಹಾಕ್ಬೇಕಾ?"

ಬಾಗಿಲು ಹಾಕಿ ಎಂದು ನಾನೆಲ್ಲಿ ಅಂದೆ. ಆರು ಜನರನ್ನು ಬರೆಯಿರಿ ಅಂದೆ. 31ನೇ ತಾರೀಖು ಮಾಹಿತಿಯ ಕಡತಕ್ಕೆ ಬೀಗ ಬೀಳುತ್ತದೆ, ಆಮೇಲೆ ಯಾರೂ ಒಂದಕ್ಷರ ತಿದ್ದುವಂತಿಲ್ಲ. ಏಪ್ರಿಲ್‌ನಿಂದ ನಮ್ಮ ಸಂಸ್ಥೆಯ ಆಸ್ಪತ್ರೆಯ ಆರುನೂರು ದಾದಿಯರಿಗೆ ಇದೇ ಎಂಟು ವಾರ, ಇದೇ ಮೂರು ದಿನದ ಮೌನ. ಕರಪತ್ರ ಆಗಲೇ ಅಚ್ಚಾಗಿ ಬಂದಿದೆ: ಯಾವುದೇ ಅಡ್ಡಪರಿಣಾಮ ಕಂಡುಬಂದಿಲ್ಲ. ಕೇಳದೆ ಇದ್ದರೆ ಎಲ್ಲಿಂದ ಕಂಡುಬರುತ್ತದೆ? ಆ ಸಾಲಿಗೆ ಆಧಾರ ನಾನು ಹಾಕಿದ ಗುರುತುಗಳು.

ಮಾರ್ಚ್ 24, ಸೋಮವಾರ

ಸಂಶೋಧನೆಗಳ ಮೇಲೆ ಕಣ್ಣಿಡುವುದಕ್ಕೆಂದೇ ಇರುವ ನೀತಿ ಸಮಿತಿಗೆ ಪತ್ರ ಬರೆಯುತ್ತಿದ್ದೇನೆ. ನಿನ್ನೆ ಮೂರು ಪುಟ ಬರೆದೆ. ಪೂರ್ತಿ ಮಂದಸ್ಮಿತನೇ. ಅವರ ಕಪಾಟು, ಅವರ ಪೆನ್ಸಿಲು, ಅವರ ನಗು. ಓದಿಕೊಂಡರೆ ಚೆನ್ನಾಗಿತ್ತು, ಎಲ್ಲೂ ನಾನಿರಲಿಲ್ಲ. ಹರಿದುಹಾಕಿದೆ.

ಅತ್ತೆ ಪಕ್ಕದಲ್ಲೇ ಕೂತಿದ್ದರು. ಎಕ್ಸ್‌ಚೇಂಜಿನ ಶನಿವಾರದ ಕಥೆ ತೆಗೆದರು. ಬೈಯುವಷ್ಟು ತ್ರಾಣ ಇಲ್ಲದೆ ಸುಮ್ಮನೆ ಕೇಳಿಸಿಕೊಂಡೆ. ನೋಡಿದರೆ ಆಕೆ ಫೋನ್ ಎತ್ತುತ್ತಾಳೆ. ಎತ್ತಿದ ಮೇಲೆ ಆ ಮನುಷ್ಯನಿಗೆ ಮಾತೇ ಹೊರಡುವುದಿಲ್ಲ. ಆಕೆ ಹಲೋ ಹಲೋ ಅಂದು ಇನ್ನೇನು ಇಡಬೇಕು, ಅಷ್ಟರಲ್ಲಿ ಅತ್ತೆಯೇ ಮಧ್ಯೆ, "ಇಡ್ಬೇಡಿ, ಅವರು ಲೈನಲ್ಲಿದ್ದಾರೆ" ಅಂದುಬಿಡುತ್ತಾರೆ. ಆಪರೇಟರ್ ಬಾಯಿ ಬಿಡುವಂತಿರಲಿಲ್ಲವಂತೆ. ಅತ್ತೆಗೆ ಮೆಮೊ ಕೊಟ್ಟರಂತೆ.

ಹದಿನೆಂಟು ವರ್ಷದಿಂದ ಆಕೆ ಎತ್ತಲಿಲ್ಲ ಎಂದೇ ತಿಳಿದುಕೊಂಡಿದ್ದೆ. ಇದನ್ನು ಮೊದಲೇ ಹೇಳುವುದಕ್ಕೇನಾಗಿತ್ತು ಎಂದು ರೇಗಿದೆ.

"ಹೇಳೋಕೆ ನೀನು ಬಿಟ್ಟಿದ್ರೆ ತಾನೇ," ಅಂದರು.

ವಯಸ್ಸಾದವರ ಜೊತೆ ವಾದ ಮಾಡಿ ಉಪಯೋಗವಿಲ್ಲ. ಈಗ ಮತ್ತೆ ಪತ್ರಕ್ಕೆ ಕೂರಬೇಕು.

ಮಾರ್ಚ್ 26, ಬುಧವಾರ

ಕೊಟ್ಟು ಬಂದೆ. ಒಂದೇ ಪುಟ. ಮೊದಲ ಸಾಲು: 'ಈ ಹದಿನಾಲ್ಕು ಗುರುತುಗಳನ್ನು ಹಾಕಿದವಳು ನಾನು, ಹಾಕುವಾಗ ಯಾರ ಮಾತನ್ನೂ ಪೂರ್ತಿ ಕೇಳಿರಲಿಲ್ಲ.' ಜೊತೆಗೆ ಧ್ವನಿಮುದ್ರಣಗಳು ಎಲ್ಲಿವೆ ಎಂಬ ವಿವರ. ಲೆಕ್ಕದ ಮೇಡಂ ಓದಿ, ಕೆಲಸ ಹೋಗುತ್ತೆ ನಿಮ್ದು ಅಂದಳು. ಗೊತ್ತು ಅಂದೆ. ಆಮೇಲೆ ಅವಳು ಕೆಳಗೆ ತನ್ನ ಸಹಿಯನ್ನೂ ಹಾಕಿದಳು, ಪತ್ರಿಕೆಯನ್ನು ಹುಡುಕಿ ಕೊಟ್ಟವಳು ಎಂದು. ಬೇಡ ಮಾರಾಯ್ತಿ ಅಂದರೂ ಕೇಳಲಿಲ್ಲ.

ಮಾರ್ಚ್ 28, ಶುಕ್ರವಾರ

ಸಮಿತಿಯ ಕಾಗದ ಬಂತು. ವಿಚಾರಣೆ ಮುಗಿಯುವವರೆಗೂ ಕಡತಕ್ಕೆ ಬೀಗ ಹಾಕುವಂತಿಲ್ಲ, ದಾದಿಯರ ತರಗತಿ ಶುರುಮಾಡುವಂತಿಲ್ಲ. ಆರೂ ಜನ ಒಪ್ಪಿದರೆ ಅವರ ಹೇಳಿಕೆಯನ್ನು ಅವರದೇ ಮಾತಿನಲ್ಲಿ ಸೋಮವಾರದೊಳಗೆ ಬರೆದುಕೊಡಬೇಕು. ಕರೆ ನಾನು ಮಾಡಬಹುದು, ಸಮಿತಿಯ ಸದಸ್ಯರೊಬ್ಬರು ಪಕ್ಕದಲ್ಲಿರುತ್ತಾರೆ.

ಅದರ ಜೊತೆಗೇ ಸಂಸ್ಥೆಯ ಕಾಗದವೂ ಬಂತು. ಏಪ್ರಿಲ್ ಒಂದರಿಂದ ನನ್ನ ಸೇವೆ ಅಗತ್ಯವಿಲ್ಲ. ಮಂದಸ್ಮಿತ ತಾವೇ ಕೈಗೆ ಕೊಟ್ಟರು. ನಗುತ್ತಿರಲಿಲ್ಲ. ಬಿಳುಚಿಕೊಂಡಿದ್ದರು, ವಯಸ್ಸಾದವರಂತೆ ಕಂಡರು. ನಗು ಇಲ್ಲದ ಆ ಮುಖ ನೋಡಿದರೆ ಹಾಲು ಕುಡಿದಷ್ಟು ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ, ಅದಕ್ಕೂ ಸಿಟ್ಟು ಬಂತು.

ಮಾರ್ಚ್ 31, ಸೋಮವಾರ

ಐದು ಹೇಳಿಕೆ ಮಧ್ಯಾಹ್ನದೊಳಗೆ ಮುಗಿದವು. 41ನ್ನು ಕೊನೆಗೆ ಇಟ್ಟುಕೊಂಡಿದ್ದೆ. ಯಾಕೆಂದರೆ ಅವರಿಗೆ ನಾನು ಇನ್ನೂ ಒಂದು ವಿಷಯ ಹೇಳಿರಲಿಲ್ಲ. ಸಮಿತಿಯ ಸದಸ್ಯೆ, ನಿವೃತ್ತ ವೈದ್ಯೆ, ಪಕ್ಕದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು.

ಹೇಗಿದ್ದೀರಿ ಅಂದೆ. ವೈದ್ಯರಿಗೆ ತೋರಿಸಿದ್ದಾರೆ. ಧ್ಯಾನ ಪೂರ್ತಿ ನಿಲ್ಲಿಸಿದ್ದಾರೆ. ದಿನದಲ್ಲಿ ಒಂದಷ್ಟು ಹೊತ್ತು ಕೈ ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಹಳೆ ಪತ್ರಿಕೆಯ ಕಾಗದ ಕತ್ತರಿಸಿ ನೋಡುತ್ತಿದ್ದಾರೆ, ಬಟ್ಟೆಗೆ ಇನ್ನೂ ಧೈರ್ಯವಿಲ್ಲ.

"ನಿಮ್ಮ ಹೇಳಿಕೆ ಬರ್ಕೊಳ್ಳೋ ಮುಂಚೆ ಒಂದು ಹೇಳ್ಬೇಕು," ಅಂದೆ. "ಮೊದಲನೇ ಸಲ ಫೋನ್ ಮಾಡಿದಾಗ ನೀವು ಕೈ ಅಂತ ಶುರು ಮಾಡಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ. ನೀವು ಹೂಂ ಅನ್ನೋ ಮೊದಲೇ ಸಮಯ ಇಲ್ಲ ಅಂತ ನಾನೇ ಗುರುತು ಹಾಕಿದ್ದೆ. ಕಡತದಲ್ಲಿ ಅದೇ ಇದೆ."

ನಾನು ಕಾದೆ.

ಆಮೇಲೆ ಬೈದರು. ಇಷ್ಟು ದಿನ ಮೇಡಂ ಮೇಡಂ ಎಂದು ಮೆತ್ತಗೆ ಮಾತಾಡುತ್ತಿದ್ದ ಮನುಷ್ಯ ಏರುದನಿಯಲ್ಲಿ ಬೈದರು. ಆ ಫೋನಿಗೋಸ್ಕರ ಎಷ್ಟು ದಿನ ಕಾದಿದ್ದೆ ಗೊತ್ತಾ ಅಂದರು. ಬಿಟ್ಟವರಿಗೆ ಫೋನ್ ಬರುತ್ತೆ ಅಂತ ಹೇಳಿದ್ದರು, ಬಂದಾಗ ಹೇಗೆ ಹೇಳೋದು ಅಂತ ಗೋಡೆ ಮುಂದೆ ಕೂತು ಅಭ್ಯಾಸ ಮಾಡಿಕೊಂಡಿದ್ದೆ ಅಂದರು. ನನಗೆ ಹುಚ್ಚು ಅಂದುಕೊಂಡು ಹೆಂಡತಿ ಮನೆಯಲ್ಲಿದ್ದ ಕತ್ತರಿಗಳನ್ನೆಲ್ಲ ನಾದಿನಿಯ ಮನೆಗೆ ಸಾಗಿಸಿದಳು, ತಡೆಯಲಿಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ ಅಂದರು. ಒಂದು ಉಸಿರು, ಒಂದೇ ಒಂದು ಉಸಿರು ನೀವು ಸುಮ್ಮನಿದ್ದಿದ್ದರೆ ಹೇಳುತ್ತಿದ್ದೆ ಅಂದರು. ಇನ್ನೂ ಬೇಕಾದಷ್ಟು ಅಂದರು. ಎಲ್ಲವನ್ನೂ ಬರೆದುಕೊಂಡೆ. ಸದಸ್ಯೆ ನನ್ನ ಕಡೆ ನೋಡಿ, ನಿಲ್ಲಿಸೋಣವೇ ಎಂಬಂತೆ ಕೈ ಎತ್ತಿದರು. ಬೇಡ ಎಂದು ತಲೆಯಾಡಿಸಿದೆ. ಗಡಿಯಾರ ನೋಡಲಿಲ್ಲ, ಇಪ್ಪತ್ತಾರು ನಿಮಿಷ ಎಂದು ಆಮೇಲೆ ಗೊತ್ತಾಯಿತು.

ಕೊನೆಗೆ ಅವರಿಗೇ ಸುಸ್ತಾಯಿತು.

"ಬರ್ಕೊಂಡ್ರಾ?" ಅಂದರು.

"ಬರ್ಕೊಂಡೆ."

"ಎಲ್ಲಾನೂ?"

"ಎಲ್ಲಾನೂ."

"ಓದಿ, ನೋಡೋಣ."

ಮೊದಲಿನಿಂದ ಓದಿದೆ. ನನ್ನನ್ನು ಬೈದದ್ದನ್ನೂ ಓದಿದೆ. 'ಮೂರನೇ ದಿನ ಕೈ ಮರಗಟ್ಟಿತು' ಎಂಬಲ್ಲಿಗೆ ಬಂದಾಗ ತಡೆದರು.

"ಮರಗಟ್ಟಿರ್ಲಿಲ್ಲ. ನಾನು ಹಾಗೆ ಅಂದಿಲ್ಲ. ಕೈ ಚೆನ್ನಾಗೇ ಕೆಲ್ಸ ಮಾಡ್ತಿತ್ತು. ನನ್ನದಾಗಿರ್ಲಿಲ್ಲ, ಅಷ್ಟೆ."

ಅಂದಿರಲಿಲ್ಲ. ಆ ಮಾತು ನನ್ನದೇ. ಹೊಡೆದುಹಾಕಿ ಅವರು ಹೇಳಿದಂತೆ ಬರೆದೆ.

"ಈಗ ಇನ್ನೊಂದ್ಸಲ ಓದಿ," ಅಂದರು.

ಓದಿದೆ.